ಹೊಂಗೆಗೆ ಪಂಚಾಂಗ ಹೇಳಿದವರು ಯಾರು?

ಫೆಬ್ರವರಿ ತಿಂಗಳು ಮುಗಿಯುತ್ತ ಬಂದಾಗ ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ನಾಲೆಯ ನೀರು ಹರಿಯದ ಹೊಲಗಳಲ್ಲಿ ರಾಗಿಯ ಕೂಳೆ ಒಣಗಿ ನಿಂತಿರುತ್ತದೆ. ಸಣ್ಣ ಕೆರೆಗಳ ಅಂಗಳ ಬಿರುಕು ಬಿಡತೊಡಗಿರುತ್ತದೆ. ಹಿಂಗಾರು ಮುಗಿದು ತಿಂಗಳುಗಳೇ ಸಂದಿವೆ; ಮುಂಗಾರು ಇನ್ನೂ ಮೂರು ತಿಂಗಳ ಆಚೆಗಿದೆ. ಇಂಥ ಒಣ ಕಾಲದಲ್ಲಿ ರಸ್ತೆಬದಿಯ ಹೊಂಗೆ ತನ್ನ ಹಳೆಯ ಎಲೆಗಳನ್ನೆಲ್ಲ ಕೊಡವಿಹಾಕಿ, ಕೆಲವೇ ದಿನಗಳಲ್ಲಿ ಎಳೆಹಸುರನ್ನು ಹೊದ್ದು, ಎಣ್ಣೆ ಹಚ್ಚಿದಂತೆ ಹೊಳೆಯುತ್ತ ನಿಲ್ಲುತ್ತದೆ. ನೀರಿಲ್ಲದ ನೆಲದ ಮೇಲೆ ಇಷ್ಟು ಹಸುರು ಎಲ್ಲಿಂದ ಬಂದಿತು? ಚಿಗುರುವುದಕ್ಕೆ ಇದೇ ಕಾಲವೆಂದು ಮರಕ್ಕೆ ತಿಳಿಸಿದವರು ಯಾರು?

ಈ ಪ್ರಶ್ನೆಯನ್ನು ನಾನಾಗಿ ಕೇಳಿಕೊಂಡವನಲ್ಲ. ಹಾಸನದಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನನಗೆ ಆ ಹೊಂಗೆಗಳು ಹಲವು ವರ್ಷ ಬಸ್ಸಿನ ಕಿಟಕಿಯಾಚೆ ಓಡುವ ನೆರಳುಗಳು ಮಾತ್ರವಾಗಿದ್ದವು. 2024ರಲ್ಲಿ ಒಂದು ದಿನ ಉಷ್ಣದ ಪಾಠ ಮಾಡುತ್ತಿದ್ದಾಗ, “ಬಿಸಿಲೇರಿತೆಂದರೆ ಮರಗಳು ಚಿಗುರುತ್ತವೆ; ಅದೇ ವಸಂತ” ಎಂದು ಮಾತಿನ ಓಘದಲ್ಲಿ ಹೇಳಿಬಿಟ್ಟೆ. ಅರಕಲಗೂಡು ತಾಲ್ಲೂಕಿನ ಕೊಣನೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

“ಸರ್, ನಮ್ಮೂರ ಬಸ್ಸು ನಿಲ್ಲುವ ಕಡೆ ಒಂದು ಹೊಂಗೆ ಇದೆ. ಅದು ಬಿಸಿಲು ಬಲಿಯುವುದಕ್ಕೆ ಮೊದಲೇ ಚಿಗುರುತ್ತದೆ. ನಾನು ಬರೆದಿಟ್ಟಿದ್ದೇನೆ” ಎಂದಳು.

“ಎಲ್ಲಿ ಬರೆದಿಟ್ಟಿದ್ದೀಯಮ್ಮ? ನಾಳೆ ತಂದು ತೋರಿಸು” ಎಂದೆ.

ಮರುದಿನ ಆಕೆ ತಂದದ್ದು ಅಂಚು ಸವೆದ ಒಂದು ನೋಟುಪುಸ್ತಕ. ಬಸ್ಸಿಗಾಗಿ ಕಾಯುವ ಹೊತ್ತಿನಲ್ಲಿ ಬರೆದ ಚಿಕ್ಕ ಚಿಕ್ಕ ಟಿಪ್ಪಣಿಗಳು: ಎಲೆ ಉದುರತೊಡಗಿದ್ದು ಎಂದು, ಮೊದಲ ಚಿಗುರು ಕಂಡದ್ದು ಎಂದು, ಕೋಗಿಲೆ ಮೊದಲು ಕೂಗಿದ್ದು ಎಂದು. ಮೂರು ವರ್ಷಗಳ ಲೆಕ್ಕ ಅದರಲ್ಲಿತ್ತು. ಪ್ರತಿವರ್ಷ ಯುಗಾದಿಯ ದಿನವನ್ನೂ ಆಕೆ ಗುರುತಿಸಿದ್ದಳು. 2022ರಲ್ಲಿ ಯುಗಾದಿ ಏಪ್ರಿಲ್ 2ಕ್ಕೆ, 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತು. ಹಬ್ಬವು ಹದಿನೆಂಟು ದಿನಗಳಷ್ಟು ಹಿಂದೆ ಮುಂದೆ ಸರಿದಿದ್ದರೂ ಹೊಂಗೆಯ ಚಿಗುರು ಮಾತ್ರ ಹೆಚ್ಚುಕಡಿಮೆ ಒಂದೇ ವಾರದ ಆಸುಪಾಸಿನಲ್ಲಿ ಒಡೆದಿತ್ತು!

ಒಂದು ಮರ, ಮೂರು ವರ್ಷ. ಇಷ್ಟರಿಂದ ನಿಯಮವೊಂದು ಸಿದ್ಧವಾಗಲಾರದು. ಆದರೆ ಒಳ್ಳೆಯ ಪ್ರಶ್ನೆಯೊಂದು ಹುಟ್ಟಲು ಅಷ್ಟು ಸಾಕು.

ಕೋಲಿನ ನೆರಳು

ಯುಗಾದಿ ಏಕೆ ಸರಿಯುತ್ತದೆಂಬುದು ಸುಲಭವಾಗಿ ತಿಳಿಯುವ ವಿಷಯ. ನಮ್ಮ ಚಾಂದ್ರಮಾನ ವರ್ಷದ ಹನ್ನೆರಡು ತಿಂಗಳಿಗೆ ಸುಮಾರು 354 ದಿನಗಳು. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಮೆ. ಆದ್ದರಿಂದ ಹಬ್ಬ ವರ್ಷ ವರ್ಷವೂ ಹಿಂದೆ ಸರಿಯುತ್ತದೆ. ಅಧಿಕಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದಲೇ 2024ರ ಯುಗಾದಿ ಏಪ್ರಿಲ್‌ಗೆ ಹೋಯಿತು. ನಮ್ಮ ರೈತರ ಮಳೆಯ ಲೆಕ್ಕ ಹೀಗಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಅವರು ಎಣಿಸುವ ಮಳೆನಕ್ಷತ್ರಗಳು ಸೂರ್ಯನ ಹಾದಿಯ ಇಪ್ಪತ್ತೇಳು ಪಾಲುಗಳು. ಒಂದೊಂದಕ್ಕೆ ಹದಿಮೂರೂವರೆ ದಿನ. ಹೊಂಗೆಯೂ ರೈತನಂತೆ ಸೂರ್ಯನನ್ನೇ ನಂಬಿದೆ ಎಂದು ಊಹಿಸಲು ಅಡ್ಡಿಯಿಲ್ಲ.

ಸೂರ್ಯನು ಮರಕ್ಕೆ ಏನನ್ನು ಹೇಳುತ್ತಾನೆ? ಮನೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿರಿ. ಹಾಸನದ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಡಿಸೆಂಬರ್ 22ರ ಸುಮಾರಿಗೆ ಸೂರ್ಯನು ಅತ್ಯಂತ ದಕ್ಷಿಣದಲ್ಲಿದ್ದಾಗ ಕೋಲಿನ ನಡುಹಗಲಿನ ನೆರಳು ಸುಮಾರು 74 ಸೆಂಟಿಮೀಟರ್ ಇರುತ್ತದೆ. ಹಗಲಿರುಳು ಸಮನಾಗುವ ಮಾರ್ಚ್ 20ರ ಹೊತ್ತಿಗೆ ಅದು 23 ಸೆಂಟಿಮೀಟರಿಗೆ ಕುಗ್ಗುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ನೆರಳೇ ಇರುವುದಿಲ್ಲ! ಅಂದು ಮಧ್ಯಾಹ್ನ 12 ಗಂಟೆ 24 ನಿಮಿಷದ ಸುಮಾರಿಗೆ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಇದನ್ನು ಆ ದಿನವೋ ಅದರ ಹಿಂದಿನ ದಿನವೋ ಕಾಣಬಹುದು.

ನೆರಳು ಕುಗ್ಗುವುದರ ಜೊತೆಗೆ ಹಗಲು ಹಿಗ್ಗುತ್ತದೆ. ನಮ್ಮಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮಾರ್ಚ್ ತಿಂಗಳಲ್ಲಿ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಷ್ಟು ಬೆಳೆಯುತ್ತದೆ. ಲಂಡನ್ನಿನಲ್ಲಿ ಅದೇ ಕಾಲದಲ್ಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೆಳೆಯುತ್ತದೆ. ನಮ್ಮ ಪಾಲಿನ ಈ ಮುಕ್ಕಾಲು ನಿಮಿಷವನ್ನು ನಾವು ಗಮನಿಸಲಾರೆವು. ಆದರೆ ಮರ ಗಮನಿಸುತ್ತದೆಂದು ತಿಳಿಯಲು ಕಾರಣಗಳಿವೆ.

ಸಸ್ಯಗಳು ಹಗಲಿರುಳುಗಳ ಉದ್ದವನ್ನು ಅಳೆಯಬಲ್ಲವೆಂಬುದು ತಿಳಿದುಬಂದದ್ದು 1920ರಲ್ಲಿ, ಅದೂ ಹೊಗೆಸೊಪ್ಪಿನ ಗಿಡದಿಂದ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಬೇಸಗೆಯಲ್ಲಿ ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತಲೇ ಇದ್ದ ಒಂದು ತಳಿಯನ್ನು ಪ್ರತಿದಿನ ಕೆಲವು ಗಂಟೆ ಕತ್ತಲೆಯಲ್ಲಿಟ್ಟು, ಹಗಲನ್ನು ಗಿಡ್ಡಗೊಳಿಸಿದರು. ಗಿಡ ಹೂ ಬಿಟ್ಟಿತು. ಅರಕಲಗೂಡು, ರಾಮನಾಥಪುರಗಳ ಹೊಗೆಸೊಪ್ಪಿನ ಹೊಲಗಳ ನಡುವೆ ಬೆಳೆದ ವಿದ್ಯಾರ್ಥಿಗಳಿಗೆ ಈ ಸಂಗತಿ ವಿಶೇಷವಾಗಿ ಹಿಡಿಸೀತು.

ಮರದೊಳಗಿನ ನೀರು

ಕಾಲದ ಸೂಚನೆ ದೊರೆತರೂ ಚಿಗುರಿಗೆ ನೀರು ಬೇಕಷ್ಟೆ. ಇಲ್ಲಿ ಹೊಂಗೆಯ ಜಾಣ್ಮೆ ಎದ್ದು ಕಾಣುತ್ತದೆ. ಮರದ ನೀರು ಮುಖ್ಯವಾಗಿ ವ್ಯಯವಾಗುವುದು ಎಲೆಗಳ ಮೂಲಕ. ಎಲೆಯಿಂದ ಆವಿಯಾಗುವ ನೀರು ಕಾಂಡದೊಳಗಿನ ನೀರಿನ ಎಳೆಯನ್ನು ಹಗ್ಗದಂತೆ ಮೇಲಕ್ಕೆ ಜಗ್ಗುತ್ತಿರುತ್ತದೆ. ಹಳೆಯ ಎಲೆಗಳು ಉದುರಿದೊಡನೆ ಆ ಜಗ್ಗಾಟ ಸಡಿಲುತ್ತದೆ. ಆಳಕ್ಕಿಳಿದ ಬೇರುಗಳು ಹೀರುವ ಅಲ್ಪಸ್ವಲ್ಪ ನೀರು ಈಗ ಖರ್ಚಾಗದೆ ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಮೊಗ್ಗೆಗಳು ನೀರುಂಡು ಉಬ್ಬುತ್ತವೆ. ಎಲೆ ಉದುರಿಸುವುದು ಬಡತನದ ಲಕ್ಷಣವೆಂದು ನಾವು ಬಗೆದಿದ್ದರೆ, ಅದು ಉಳಿತಾಯದ ಕ್ರಮವೂ ಹೌದು.

ಥಾಯ್ಲೆಂಡಿನ ಕಾಡುಗಳನ್ನು ಅಭ್ಯಸಿಸಿದ ಎಲಿಯಟ್, ಬೇಕರ್, ಬೋರ್ಚರ್ಟ್ ಎಂಬವರು 2006ರಲ್ಲಿ ಇದೇ ವಿವರಣೆಯನ್ನು ಮುಂದಿಟ್ಟರು: ಮಾನ್‌ಸೂನ್ ನಾಡಿನ ಹಲವು ಮರಗಳು ಬೇರಿಗೆ ಎಟಕುವ ನೀರನ್ನು ನೆಚ್ಚಿ, ಬೆಳೆಯುವ ಹಗಲನ್ನು ಸೂಚನೆಯಾಗಿ ಹಿಡಿದು, ಒಣ ಕಾಲದಲ್ಲಿಯೇ ಚಿಗುರುತ್ತವೆ. ಮಳೆ ಬರುವ ಹೊತ್ತಿಗೆ ಬಲಿತ ಎಲೆ ಸಿದ್ಧವಿದ್ದರೆ, ಮಳೆಗಾಲವಿಡೀ ಆಹಾರ ತಯಾರಿಸಬಹುದಲ್ಲವೆ? ಇನ್ನೊಂದು ಲಾಭವನ್ನು ನಮ್ಮವರೇ ಕಂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುರಳಿ ಮತ್ತು ಸುಕುಮಾರ್ ಅವರು, ಬಂಡೀಪುರಕ್ಕೆ ತಾಗಿರುವ ಮುದುಮಲೆಯ ಕಾಡಿನಲ್ಲಿ ನಡೆಸಿದ ಅಧ್ಯಯನವನ್ನು 1993ರಲ್ಲಿ ಪ್ರಕಟಿಸಿದರು. ಮಳೆಗೆ ಮೊದಲೇ ಚಿಗುರಿದ ಗಿಡಮರಗಳ ಎಲೆಗಳು ಹುಳುಗಳ ಬಾಯಿಗೆ ಕಡಮೆ ಸಿಕ್ಕುತ್ತವೆ ಎಂದು ಅವರು ತೋರಿಸಿದರು. ಮಳೆ ಬಿದ್ದ ಮೇಲೆ ಹುಳುಗಳ ಸೈನ್ಯ ಹೊರಡುವಷ್ಟರಲ್ಲಿ ಎಳೆ ಎಲೆ ಗಟ್ಟಿಯಾಗಿರುತ್ತದೆ.

ಮಾವಿನ ಮತ್ತು ಅರಳಿಯ ಚಿಗುರು ತಾಮ್ರದ ಬಣ್ಣಕ್ಕಿರುವುದನ್ನು ನೀವು ನೋಡಿದ್ದೀರಿ. ಪತ್ರಹರಿತ್ತು ಇನ್ನೂ ತುಂಬದ ಎಳೆ ಎಲೆಗೆ ಕಡುಬಿಸಿಲು ಅಪಾಯಕರ. ಆಂತೋಸಯನಿನ್ ಎಂಬ ವರ್ಣದ್ರವ್ಯವು ಹಸುರು ಮತ್ತು ನೀಲಿ ಬೆಳಕನ್ನು ಹೀರಿ, ಕೆಂಪನ್ನು ಹಿಂದಿರುಗಿಸಿ, ಎಲೆಗೆ ಕೊಡೆಯಂತೆ ಒದಗುತ್ತದೆ.

ಕೋಗಿಲೆಯೂ ಕಂಚುಕುಟಿಗನೂ

ಚಿಗುರಿನ ಜೊತೆಗೆ ಕೋಗಿಲೆಯ ಕೂಗು ಕೇಳಿಬರುತ್ತದೆ. ಚಳಿಗಾಲದಲ್ಲಿ ಕೋಗಿಲೆ ಬೇರೆ ನಾಡಿಗೆ ಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಅದು ಇಲ್ಲಿಯೇ ಇರುತ್ತದೆ; ಕೂಗುವುದಿಲ್ಲ ಅಷ್ಟೆ. ಕೂಗುವುದು ಕರಿಯ ಮೈ, ಕೆಂಗಣ್ಣಿನ ಗಂಡು. ಕಂದುಮೈಯ, ಚುಕ್ಕಿಗಳಿರುವ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಸಮಯ ಕಾಯುತ್ತಿರುತ್ತದೆ. ಹಕ್ಕಿಗಳೂ ಹಗಲನ್ನು ಅಳೆಯುತ್ತವೆಂಬುದನ್ನು 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ತೋರಿಸಿಕೊಟ್ಟರು. ಕೊರೆಯುವ ಚಳಿಯಲ್ಲಿ, ಬಯಲಿನ ಪಂಜರಗಳಲ್ಲಿ ದೀಪ ಹಚ್ಚಿ ಹಗಲನ್ನು ಉದ್ದಗೊಳಿಸಿದಾಗ, ಆ ಹಕ್ಕಿಗಳ ದೇಹ ವಸಂತಕ್ಕೆ ಅಣಿಯಾಯಿತು. ಅವುಗಳಿಗೆ ಮುಖ್ಯವಾದದ್ದು ಬಿಸುಪಲ್ಲ, ಬೆಳಕು. ನನ್ನ ತರಗತಿಯ ಮಾತು ಎಷ್ಟು ಅವಸರದ್ದೆಂದು ಇದರಿಂದ ನನಗೆ ಮನವರಿಕೆಯಾಯಿತು.

ಇನ್ನೊಬ್ಬ ಗಾಯಕ ಕಂಚುಕುಟಿಗ. ಗುಬ್ಬಿಗಿಂತ ತುಸು ದಪ್ಪ, ಹಸುರು ಮೈ, ಕೆಂಪು ಹಣೆ, ಹಳದಿ ಗಂಟಲು. ಅರಳಿಯ ತುದಿಯಲ್ಲಿ ಕುಳಿತು, ಕಂಚುಗಾರನು ತಗಡು ಬಡಿದಂತೆ ‘ಟುಕ್ ಟುಕ್’ ಎಂದು ಬೆಳಗಿನಿಂದ ಬಡಿಯುತ್ತಲೇ ಇರುತ್ತದೆ. ಕೂಗುವಾಗ ಇದರ ಕೊಕ್ಕು ಮುಚ್ಚಿಯೇ ಇರುತ್ತದೆ! ಗಂಟಲ ಇಕ್ಕೆಲದ ಚರ್ಮ ಪ್ರತಿ ಸಲವೂ ಉಬ್ಬಿ ಇಳಿಯುತ್ತದೆ. ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಧ್ವನಿ ಒಮ್ಮೆ ಹತ್ತಿರ, ಒಮ್ಮೆ ದೂರ ಎನಿಸಿ, ಹಕ್ಕಿಯನ್ನು ಹುಡುಕುವವರು ಮೋಸಹೋಗುತ್ತಾರೆ. ಗಡಿಯಾರ ಹಿಡಿದು, ನಿಮಿಷಕ್ಕೆ ಎಷ್ಟು ಬಡಿತಗಳೆಂದು ಎಣಿಸಿ ನೋಡಿರಿ. ಸಾಮಾನ್ಯವಾಗಿ ನೂರನ್ನು ಮೀರುತ್ತದೆ. ಬೆಳಗ್ಗೆ ಮತ್ತು ಮಧ್ಯಾಹ್ನ ಈ ಸಂಖ್ಯೆ ಒಂದೇ ಇರುತ್ತದೆಯೆ? ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ಕೈಗಡಿಯಾರ ಸಾಕು.

ಚನ್ನರಾಯಪಟ್ಟಣದ ಕಡೆ ಬತ್ತುತ್ತಿರುವ ಕೆರೆಯಂಗಳಗಳಲ್ಲಿ ಈ ಕಾಲಕ್ಕೆ ಟಿಟ್ಟಿಭವು ಬರಿನೆಲದ ಮೇಲೆಯೇ ಮೊಟ್ಟೆಯಿಡತೊಡಗುತ್ತದೆ. ಬೆಣಚುಕಲ್ಲಿನಂತೆ ಕಾಣುವ ಮೊಟ್ಟೆಗಳು ಕಣ್ಣಿಗೆ ಬೀಳುವುದಿಲ್ಲ. ಬಿಸಿಲು ತೀಕ್ಷ್ಣವಾದಾಗ ತಾಯ್ತಂದೆಗಳು ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಮಣ್ಣಿನ ಹೂಜಿಯ ನೀರನ್ನು ತಣ್ಣಗಿಡುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಅದೇ ಬಯಲಿನಲ್ಲಿ ಮುತ್ತುಗ ಎಲೆಯಿಲ್ಲದೆ ಕೆಂಡದಂತೆ ಹೂ ಬಿಟ್ಟಿರುತ್ತದೆ. ಬೂರುಗದ ಕೆಂಪು ಹೂಗಳಿಗೆ ಹಕ್ಕಿಗಳ ಹಿಂಡು ಮುತ್ತಿರುತ್ತದೆ. ಜೇನುನೊಣಕ್ಕೆ ಬಣ್ಣಗಳು ಕಾಣುವುವಾದರೂ ಕೆಂಪು ಕಾಣದೆಂದು 1914ರಲ್ಲಿ ಕಾರ್ಲ್ ವಾನ್ ಫ್ರಿಷ್ ತೋರಿಸಿದ್ದರು. ಹಕ್ಕಿಯ ಕಣ್ಣಿಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಮುತ್ತುಗದ ಮುಖ್ಯ ಗಿರಾಕಿ ಸೂರಕ್ಕಿ. ಅಳಿಲೂ ಪಾಲು ಕೇಳುವುದುಂಟು. ಮಧ್ಯ ಏಷ್ಯದಿಂದ ಚಳಿಗಾಲಕ್ಕೆ ಬಂದ ಗುಲಾಬಿ ಕಬ್ಬಕ್ಕಿಗಳು ಬೂರುಗದ ರಸ ಹೀರಿ, ಏಪ್ರಿಲ್ ಹೊತ್ತಿಗೆ ತಮ್ಮ ನಾಡಿಗೆ ಹೊರಡುತ್ತವೆ. ತಂತಿಗಳ ಮೇಲೆ ಸಾಲಾಗಿ ಕೂರುತ್ತಿದ್ದ ಕವಲುತೋಕೆಗಳೂ ಒಂದು ದಿನ ಕಾಣದಾಗುತ್ತವೆ. ಬಂದವರನ್ನು ಗುರುತಿಸುವುದಕ್ಕಿಂತ ಹೋದವರನ್ನು ಗುರುತಿಸುವುದು ಕಷ್ಟ. ದಿನವೂ ನೋಡುವವರಿಗೆ ಮಾತ್ರ ಅದು ಸಾಧ್ಯ.

ಬರೆದಿಟ್ಟವರು

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನು 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡತೊಡಗಿದನು. ಅವನ ವಂಶದವರು 1958ರವರೆಗೆ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವಿನ ಕಾಲದ ದಾಖಲೆ ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಅಲ್ಲಿ ಹೂಗಳು ಮಾರ್ಚ್ 26ಕ್ಕೇ ಪೂರ್ಣವಾಗಿ ಅರಳಿದವು. ಸಾವಿರದ ಇನ್ನೂರು ವರ್ಷಗಳಲ್ಲಿ ಅಷ್ಟು ಬೇಗ ಅರಳಿದ ದಾಖಲೆಯಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆಯೆಂಬುದಕ್ಕೆ ಅರಮನೆಯ ದಿನಚರಿಗಳು ಹೀಗೆ ಸಾಕ್ಷಿಯಾದವು. ಬರೆದವರಿಗೆ ತಾವು ಇಂಥದೊಂದು ಸಾಕ್ಷ್ಯವನ್ನು ಬರೆಯುತ್ತಿದ್ದೇವೆಂಬ ಅರಿವಿರಲಿಲ್ಲ.

ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಬಿಸುಪೂ ಮಳೆಯೂ ಬದಲಾಗುತ್ತಿವೆ. ಹಗಲನ್ನು ನಂಬಿದ ಮರವೂ ಬಿಸುಪನ್ನು ನಂಬಿದ ಹುಳುವೂ ಒಂದೇ ಹೊತ್ತಿಗೆ ಬರುತ್ತಿದ್ದುದು ತಪ್ಪಿದರೆ, ಹುಳುವನ್ನು ನೆಚ್ಚಿದ ಮರಿಹಕ್ಕಿಯ ಗತಿಯೇನು? ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಊರೂರಿನ ಲೆಕ್ಕ ಬೇಕು. ನಮ್ಮ ದೇಶದಲ್ಲಿ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾಮಕ್ಕಳೂ ಆಸಕ್ತರೂ ವಾರಕ್ಕೊಮ್ಮೆ ತಮ್ಮ ಮರದ ಎಲೆ, ಹೂ, ಕಾಯಿಗಳನ್ನು ನೋಡಿ ಬರೆಯುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದಿವೆ. ಹಾಸನ ಜಿಲ್ಲೆಯಂತೂ ಇದಕ್ಕೆ ಹೇಳಿ ಮಾಡಿಸಿದ ನೆಲ. ಪೂರ್ವದ ಚನ್ನರಾಯಪಟ್ಟಣ ತೆಂಗಿನ ತೋಟಗಳ ಒಣ ಬಯಲು. ಪಶ್ಚಿಮಕ್ಕೆ ಸರಿದಂತೆ ಅರಕಲಗೂಡು ಮಲೆನಾಡಿನ ಸೆರಗು. ಒಂದೇ ಹೊಂಗೆ ಎರಡು ಕಡೆಯೂ ಒಂದೇ ವಾರದಲ್ಲಿ ಚಿಗುರುತ್ತದೆಯೆ? ಹಗಲಿನ ಉದ್ದ ಎರಡೂ ಕಡೆ ಒಂದೇ; ಮಳೆ ಮಾತ್ರ ಬೇರೆ. ಚಿಗುರಿನಲ್ಲಿ ವ್ಯತ್ಯಾಸ ಕಂಡರೆ, ಅದಕ್ಕೆ ಕಾರಣ ಹಗಲಲ್ಲ, ನೀರಿರಬೇಕು. ಎರಡೂರಿನ ಇಬ್ಬರು ಗೆಳೆಯರು ಕಾಗದ ಪೆನ್ಸಿಲು ಹಿಡಿದು ಮಾಡಬಹುದಾದ ಪರೀಕ್ಷೆ ಇದು.

ಕ್ರಮ ಸುಲಭ. ದಿನವೂ ಹಾದುಹೋಗುವ ದಾರಿಯ ಒಂದೇ ಮರವನ್ನು ಆರಿಸಿಕೊಳ್ಳಿರಿ. ವಾರದ ಗೊತ್ತಾದ ದಿನ ನೋಡಿರಿ. ಕಂಡದ್ದನ್ನು ಅಂದೇ ಬರೆಯಿರಿ. ಕಾಣದಿದ್ದರೆ ‘ಕಾಣಲಿಲ್ಲ’ ಎಂದೂ ಬರೆಯಿರಿ. ಅದೂ ಒಂದು ಅಳತೆಯೇ.

ಕೊನೆಯದಾಗಿ ಒಂದು ಮಾತು. 2025ರ ಜನವರಿಯಲ್ಲಿ ಆ ವಿದ್ಯಾರ್ಥಿನಿ ಮತ್ತೆ ನೋಟುಪುಸ್ತಕ ಹಿಡಿದು ಬಂದಳು. ರಸ್ತೆ ಅಗಲವಾಗುವುದಕ್ಕಾಗಿ ಆಕೆಯ ಹೊಂಗೆಯನ್ನು ಕಡಿದಿದ್ದರು. “ಈಗ ಏನು ಬರೆಯಲಿ, ಸರ್?” ಎಂದು ಕೇಳಿದಳು. ಸೂತ್ರಗಳನ್ನು ಹೇಳಿಕೊಟ್ಟು ಅಭ್ಯಾಸವಾದ ನನಗೆ ಒಡನೆ ಉತ್ತರ ಹೊಳೆಯಲಿಲ್ಲ. “ಕಡಿದ ದಿನವನ್ನು ಬರೆಯಮ್ಮ” ಎಂದೆ. ಆಕೆ ಬರೆದಳು. ಆ ಮರ ಮೂರು ವಸಂತಗಳಲ್ಲಿ ಹೇಗೆ ಚಿಗುರಿತೆಂಬುದಕ್ಕೆ ಇಂದು ಆ ಪುಸ್ತಕದ ಹೊರತು ಬೇರೆ ಗುರುತಿಲ್ಲ. ಅದರ ಮುಂದಿನ ಪುಟದಲ್ಲಿ ಶಾಲೆಯ ಹಿಂದಿನ ಇನ್ನೊಂದು ಹೊಂಗೆಯ ಲೆಕ್ಕ ಆರಂಭವಾಗಿದೆ. ಹಾಸನದ ನನ್ನ ಮನೆಯೆದುರಿನ ಬೇವಿಗೂ ಈಗ ಒಂದು ಪುಸ್ತಕವಿದೆ.