ಫೋನ್ ಅಮ್ಮನದು, ಬೆರಳು ದುಬೈಯದು

ನವೆಂಬರ್ ಬಂತೆಂದರೆ ಮಂಗಳೂರಿನ ಅತ್ತಾವರದ ಫ್ಲ್ಯಾಟುಗಳಲ್ಲಿರುವ ಪಿಂಚಣಿದಾರರಿಗೆ ತಾವಿನ್ನೂ ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಿಕೊಡುವ ಕೆಲಸ. ಜೀವನ್ ಪ್ರಮಾಣ್ ಎಂಬ ಈ ಜೀವಿತ ಪ್ರಮಾಣಪತ್ರ 2014ರಲ್ಲೇ ಡಿಜಿಟಲ್ ಆಗಿತ್ತು. 2021ರ ನವೆಂಬರಿನಿಂದೀಚೆಗೆ ಬ್ಯಾಂಕಿಗೆ ಹೋಗಿ ಬೆರಳೊತ್ತುವ ಬದಲು ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಕೇಳಲಿಕ್ಕೆ ಸುಲಭ. ಮಾಡಹೊರಟರೆ ಎರಡು ಆ್ಯಪ್ ಇಳಿಸಬೇಕು, ಆಧಾರ್ ಸಂಖ್ಯೆ ತುಂಬಬೇಕು, ಒಟಿಪಿ ನೋಡಿ ಹಾಕಬೇಕು, ಕೊನೆಗೆ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕು. ಮಕ್ಕಳು ದುಬೈಯಲ್ಲೋ ದೋಹಾದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಹಾಗಾಗಿ ಪಾಠವೆಲ್ಲ ಫೋನಿನಲ್ಲೇ.

“ಅಮ್ಮಾ, ಮೇಲೆ ಮೂರು ಚುಕ್ಕೆ ಕಾಣ್ತದಾ?”

“ಚುಕ್ಕೆ ಇಲ್ಲ ಮಾರಾಯ, ಗೆರೆ ಉಂಟು.”

ವಾಟ್ಸ್‌ಆ್ಯಪ್ 2023ರ ಆಗಸ್ಟ್‌ನಲ್ಲಿ ವಿಡಿಯೊ ಕರೆಯ ನಡುವೆ ಸ್ಕ್ರೀನ್ ಹಂಚುವ ಸೌಲಭ್ಯ ತಂದ ಮೇಲೆ ಈ ಗೋಳು ಕಡಿಮೆಯಾಯಿತು, ಆದರೆ ಎಲ್ಲರಿಗೂ ಅಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ವರ್ಷಗಳಿಂದ ತಡೆ ಇದೆ. ದುಬೈ ನಂಟಿರುವ ಮಂಗಳೂರಿನ ಮನೆಗಳಲ್ಲಿ ಬೋಟಿಮ್ ಆ್ಯಪ್ ಮನೆಮಾತಾಗಿರುವುದು ಇದೇ ಕಾರಣಕ್ಕೆ. ಅದೂ ಅಲ್ಲದೆ, ಸ್ಕ್ರೀನ್ ಹಂಚಿದರೆ ಮಗ ನೋಡಬಲ್ಲ, ಒತ್ತಲಾರ. ಒತ್ತಬೇಕಿದ್ದರೆ ಎನಿಡೆಸ್ಕ್, ಟೀಮ್‌ವ್ಯೂವರ್, ಏರ್‌ಮಿರರ್ ತರಹದ ಆ್ಯಪ್‌ಗಳೇ ಬೇಕು. ಮೊದಲೆರಡೂ ಜರ್ಮನಿಯ ಕಂಪನಿಗಳವು. ಅಮ್ಮನ ಪರದೆಯ ಮೇಲೆ ಒಂಬತ್ತೋ ಹತ್ತೋ ಅಂಕಿಯ ಸಂಖ್ಯೆ ಮೂಡುತ್ತದೆ. ಅವರು ಅದನ್ನು ಓದಿ ಹೇಳುತ್ತಾರೆ, ಮಗ ತನ್ನ ಮೊಬೈಲಿನಲ್ಲಿ ಒತ್ತುತ್ತಾನೆ. ಇತ್ತ ‘ಒಪ್ಪಿಗೆಯೇ?’ ಎಂಬ ಪ್ರಶ್ನೆ ಬರುತ್ತದೆ. ಹೂಂ ಎಂದರೆ ಅತ್ತಾವರದ ಫೋನು ದುಬೈಯ ಅಂಗೈಯಲ್ಲಿ.

ಒಳಗೆ ನಡೆಯುವುದು ಇಷ್ಟು ಸರಳವಲ್ಲ. ಆಂಡ್ರಾಯ್ಡ್‌ನಲ್ಲಿ ನೋಡುವ ಅನುಮತಿ ಬೇರೆ, ಮುಟ್ಟುವ ಅನುಮತಿ ಬೇರೆ. ಪರದೆಯನ್ನು ಹೊರಗೆ ಕಳಿಸುವ ದಾರಿ 2014ರ ಆಂಡ್ರಾಯ್ಡ್ 5ರಲ್ಲೇ ತೆರೆದಿತ್ತು. ಮುಟ್ಟುವುದಕ್ಕೆ ಹೆಚ್ಚಿನ ಫೋನುಗಳಲ್ಲಿ ಇನ್ನೊಂದು ಪುಟ್ಟ ಪ್ಲಗಿನ್ ಹಾಕಿ, ಸೆಟ್ಟಿಂಗ್ಸ್ ಒಳಗಿನ ಆಕ್ಸೆಸಿಬಿಲಿಟಿಗೆ ಹೋಗಿ ಅದನ್ನು ಆನ್ ಮಾಡಬೇಕು. ಆಗ ಫೋನೇ ಎಚ್ಚರಿಸುತ್ತದೆ: ಈ ಆ್ಯಪ್ ನಿಮ್ಮ ಪರದೆಯಲ್ಲಿರುವುದನ್ನೆಲ್ಲ ಓದುತ್ತದೆ, ನಿಮ್ಮ ಪರವಾಗಿ ಒತ್ತುತ್ತದೆ, ಪೂರ್ತಿ ಹಿಡಿತ ಕೊಡುತ್ತೀರಾ? ಮೊದಲನೆಯದು ಕಿಟಕಿ ತೆರೆದಂತಾದರೆ ಎರಡನೆಯದು ಮನೆಯ ಕೀಲಿಕೈ ಕೊಟ್ಟಂತೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ, ಬೆರಳಾಡಿಸಲು ಆಗದವರ ಪರವಾಗಿ ಒತ್ತುವ ಆ್ಯಪ್‌ಗಳಿಗೆಂದು ಮಾಡಿದ ವ್ಯವಸ್ಥೆ ಇದು. ದೂರದ ಮಗ ಒಳಗೆ ಬರುವುದೂ ಅದೇ ಬಾಗಿಲಿನಿಂದ.

ಐಫೋನಿನಲ್ಲಿ ಆ್ಯಪಲ್ ಬಹುಕಾಲ ಈ ಬಾಗಿಲನ್ನೇ ಇಟ್ಟಿರಲಿಲ್ಲ. 2024ರ ಐಒಎಸ್ 18ರಲ್ಲಿ ಫೇಸ್‌ಟೈಮ್ ಕರೆಯ ನಡುವೆ, ಕೇಳಿ ಒಪ್ಪಿಗೆ ಪಡೆದು ಇನ್ನೊಬ್ಬರ ಪರದೆಯನ್ನು ನಡೆಸುವ ಅವಕಾಶ ಬಂತು.

ಈಗ ಕಳ್ಳರ ಕಥೆ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಹೆಸರೆತ್ತಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕಳಿಸಿತು. ಗ್ರಾಹಕರಿಂದ ಆ್ಯಪ್ ಹಾಕಿಸಿ, ಒಂಬತ್ತಂಕಿಯ ಸಂಖ್ಯೆ ಕೇಳಿ ಪಡೆದು, ಯುಪಿಐ ಮೂಲಕ ಖಾತೆ ಖಾಲಿ ಮಾಡುತ್ತಿದ್ದಾರೆಂಬುದು ಅದರ ಸಾರ. ಬ್ಯಾಂಕುಗಳ ತವರೆನಿಸಿದ ದಕ್ಷಿಣ ಕನ್ನಡ ಜಿಲ್ಲೆಗೆ ಆ ವರ್ಷ ಬೇರೊಂದು ಕಾರಣಕ್ಕೂ ನೆನಪಿನಲ್ಲಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದನ್ನು ಕಟ್ಟಿದವರು ಅತ್ತಾವರ ಬಾಲಕೃಷ್ಣ ಶೆಟ್ಟರು, ಊರಿನವರ ಬಾಯಲ್ಲಿ ಎ.ಬಿ. ಶೆಟ್ಟರು. ಕೃಷಿಕರಿಗೆ ಉಳಿತಾಯದ, ಬ್ಯಾಂಕಿನ ರೂಢಿ ಹತ್ತಿಸುವುದು ಅವರ ಉದ್ದೇಶವಾಗಿತ್ತು. ಅಂದು ಖಾತೆಗೆ ಕೈ ಹಾಕಬೇಕಿದ್ದರೆ ಕೌಂಟರಿನವರೆಗೆ ಬರಲೇಬೇಕಿತ್ತು.

ಕಳ್ಳರು ಕಟ್ಟುವ ಕಥೆಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಕೆಲವು ವರ್ಷಗಳ ಹಿಂದೆ ದೇಶದುದ್ದಕ್ಕೂ ಓಡಾಡಿದ ಒಂದು ಸಂದೇಶ ಹೀಗಿತ್ತು: ‘ಕಳೆದ ತಿಂಗಳ ಬಿಲ್ ದಾಖಲಾಗಿಲ್ಲ, ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟ್ ಕಡಿತ, ಕೂಡಲೇ ಈ ಅಧಿಕಾರಿಯನ್ನು ಸಂಪರ್ಕಿಸಿ.’ ಕೆಳಗೊಂದು ಮೊಬೈಲ್ ಸಂಖ್ಯೆ. ಕರೆ ಮಾಡಿದರೆ ಅತ್ತಲಿಂದ ಬಹಳ ಮರ್ಯಾದೆಯ ಮಾತು. ಒಂದು ಆ್ಯಪ್ ಹಾಕಿಕೊಳ್ಳಿ ಸರ್, ಹತ್ತೇ ರೂಪಾಯಿ ಕಟ್ಟಿ ನೋಡಿ ಸರ್. ಆ ಹತ್ತು ರೂಪಾಯಿ ಕಟ್ಟುವಾಗ ಒತ್ತಿದ ಕಾರ್ಡ್ ಸಂಖ್ಯೆ, ಮೇಲಿಂದ ಇಳಿದ ಒಟಿಪಿ ಎಲ್ಲವೂ ಅವನ ಕಣ್ಣೆದುರಿಗೆ. ಇಲ್ಲಿ ಕರೆಂಟ್ ಕೊಡುವ ಮೆಸ್ಕಾಂನ ಕಚೇರಿ ಇರುವುದು ನಗರದ ಬಿಜೈಯಲ್ಲಿ. ಅತ್ತಾವರದಿಂದ ಆಟೊ ಹತ್ತಿ ಹೋಗಿ ವಿಚಾರಿಸಬಹುದು. ಆದರೆ ರಾತ್ರಿ 9.30ರ ಗಡುವು ಇಡುವುದು ಯಾರೂ ಹೋಗಿ ಕೇಳದಿರಲಿ ಎಂದೇ.

ಮಗ ಬಳಸಿದ್ದೂ ಈ ಕಳ್ಳ ಬಳಸಿದ್ದೂ ಒಂದೇ ಆ್ಯಪ್, ಒಂದೇ ಒಪ್ಪಿಗೆಯ ಗುಂಡಿ. ಫೋನಿಗೆ ಇಬ್ಬರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಆ್ಯಪ್‌ನ ಹೆಸರು ಕೇಳಿಯೇ ಬೆಚ್ಚಿಬೀಳುವುದಕ್ಕಿಂತ ಮಾತು ಯಾರಿಂದ ಶುರುವಾಯಿತೆಂದು ನೋಡುವುದು ಹೆಚ್ಚು ಉಪಯೋಗದ್ದು. ಸಹಾಯ ಬೇಕಾದವರೇ ಪರಿಚಯದ ಸಂಖ್ಯೆಗೆ ಕರೆ ಮಾಡಿ ಕೇಳಿದ್ದಾದರೆ ಸರಿ. ಕೇಳದೆ ಬಂದ ಕರೆಯೋ ಸಂದೇಶವೋ ಆ್ಯಪ್ ಹಾಕಲು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಕಂಪನಿಗಳೂ ಸುಮ್ಮನೆ ಕೂತಿಲ್ಲ. ಬ್ಯಾಂಕಿನ ಅನೇಕ ಆ್ಯಪ್‌ಗಳು ಸ್ಕ್ರೀನ್ ಹಂಚುವಾಗ ನೋಡುವವನ ಕಡೆ ಬರೀ ಕಪ್ಪು ಬಣ್ಣ ಕಳಿಸುತ್ತವೆ. ದುಬೈಯ ಮಗನಿಗೆ ಇದು ಕಿರಿಕಿರಿ. ಅಮ್ಮ ತಡವರಿಸುವ ಜಾಗವೇ ಅವನಿಗೆ ಕಾಣುವುದಿಲ್ಲ. ಇರಲಿ, ಆ ಕಿರಿಕಿರಿ ಬೇಕಾದ್ದೇ. 2022ರ ಆಂಡ್ರಾಯ್ಡ್ 13ರಿಂದೀಚೆಗೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲಿನಿಂದ ಹಾಕಿಕೊಂಡ ಆ್ಯಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ಆಂಡ್ರಾಯ್ಡ್ 15 ಸ್ಕ್ರೀನ್ ಹಂಚುವಾಗ ಒಟಿಪಿ ಇರುವ ನೋಟಿಫಿಕೇಶನ್‌ಗಳನ್ನು ಮರೆಮಾಚುತ್ತದೆ. ಪರಿಚಯವಿಲ್ಲದವರಿಗೆ ಪರದೆ ತೋರಿಸಹೊರಟರೆ ಎಚ್ಚರಿಸುವ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಮೋಸ ಹೋದ ಮೇಲೆ ವಿಷಯ ಇನ್ನಷ್ಟು ಜಟಿಲ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ತಪ್ಪು. ಇಲ್ಲಿ ಮಾಲೀಕರೇ ಗುಂಡಿ ಒತ್ತಿರುತ್ತಾರಲ್ಲ! ಇನ್ನೊಬ್ಬನೆಂದು ನಟಿಸಿ ವಂಚಿಸಿದವನಿಗೆ 66ಡಿ ಸೆಕ್ಷನ್ ಮೂರು ವರ್ಷದವರೆಗೆ ಜೈಲು ಹೇಳುತ್ತದೆ, ಸರಿ. ಆದರೆ ಬ್ಯಾಂಕಿನ ಲೆಕ್ಕ ಬೇರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗ್ರತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವರದೇ, ತಿಳಿಸಿದ ನಂತರದ್ದು ಬ್ಯಾಂಕಿನದು. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಬೆಳಗಿನವರೆಗೆ ಕಾಯುವ ಹಿರಿಯರಿಗೆ ಈ ಒಂದು ಸಾಲು ದುಬಾರಿ ಬೀಳುತ್ತದೆ. ಮೊದಲು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ನಗರದ ಸೆನ್ ಪೊಲೀಸ್ ಠಾಣೆಗೆ ಹೋಗುವುದು ಆಮೇಲೆ.

ಇನ್ನು, ನಿಜವಾದ ಮಗನೇ ಕೆಲಸ ಮುಗಿಸಿದ ಮೇಲೆ ಏನುಳಿಯುತ್ತದೆ ಎಂಬುದನ್ನು ಹೆಚ್ಚಿನವರು ನೋಡುವುದಿಲ್ಲ. ಸಂಪರ್ಕ ಕಡಿದರೆ ಪರದೆ ಹಂಚಿಕೆ ನಿಲ್ಲುತ್ತದೆ. ಆಕ್ಸೆಸಿಬಿಲಿಟಿಯಲ್ಲಿ ಆನ್ ಮಾಡಿದ್ದು ಆನ್ ಆಗಿಯೇ ಇರುತ್ತದೆ. ಎನಿಡೆಸ್ಕ್‌ನಂಥ ಆ್ಯಪ್‌ಗಳಲ್ಲಿ ಪಾಸ್‌ವರ್ಡ್ ಇಟ್ಟು, ಆಚೆಯವರು ಒಪ್ಪಿಗೆ ಒತ್ತದಿದ್ದರೂ ಒಳಬರುವ ಏರ್ಪಾಡು ಬೇರೆ ಇದೆ. ಹಾಸಿಗೆ ಹಿಡಿದ ತಂದೆಯ ಫೋನನ್ನು ದೂರದಿಂದ ನೋಡಿಕೊಳ್ಳುವ ಮಗಳಿಗೆ ಅದು ಅನುಕೂಲವೇ. ಅಂಥ ಪಾಸ್‌ವರ್ಡ್ ಇದೆಯೇ, ರಿಪೇರಿ ಅಂಗಡಿಯ ಹುಡುಗನೇನಾದರೂ ಹಾಕಿಟ್ಟಿದ್ದಾನೆಯೇ ಎಂಬುದು ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ನೋಡಿದರಷ್ಟೇ ಗೊತ್ತಾಗುತ್ತದೆ. ಮಗ ಊರಿಗೆ ಬಂದಾಗ ಅಮ್ಮನ ಪಕ್ಕ ಕುಳಿತು ಆಕ್ಸೆಸಿಬಿಲಿಟಿಯಲ್ಲಿ ಆನ್ ಇರುವ ಆ್ಯಪ್‌ಗಳ ಪಟ್ಟಿಯನ್ನೊಮ್ಮೆ ಓದಿಸಿ, ಬೇಡದ್ದನ್ನು ಅವರ ಕೈಯಿಂದಲೇ ತೆಗೆಸಿದರೆ ಹತ್ತು ನಿಮಿಷವೂ ಹಿಡಿಯುವುದಿಲ್ಲ.