ಮಿಂಚಂಚೆಗೂ ಬೇಕು ಅರಗಿನ ಮುದ್ರೆ

ಹಿಂದೆ ಬೆಲೆಯುಳ್ಳ ಕಾಗದಗಳನ್ನು ಕಳುಹಿಸುವವರು ಲಕೋಟೆಯ ಬಾಯಿಗೆ ಅರಗು ಕರಗಿಸಿ ಮುದ್ರೆಯೊತ್ತುತ್ತಿದ್ದರು. ಮುದ್ರೆ ಒಡೆದಿದ್ದರೆ, ಒಳಗಿನ ಒಕ್ಕಣೆ ಎಷ್ಟೇ ಸೊಗಸಾಗಿರಲಿ, ಪಡೆದವನು ಅದನ್ನು ನಂಬುತ್ತಿರಲಿಲ್ಲ. ಇಂದು ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರ ಇ-ಮೇಲಿನಲ್ಲಿಯೇ ನಡೆಯುತ್ತದೆ. ಮುದ್ರೆಯ ಮಾತನ್ನು ಮಾತ್ರ ನಾವು ಮರೆತಿದ್ದೇವೆ.

ನಾನು ವಾಸಿಸುವ ಹೆಗ್ಗನಹಳ್ಳಿ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿದೆ. ಇಲ್ಲಿನ ಬೀದಿಗಳಲ್ಲಿ ಮನೆಯ ಪಕ್ಕದಲ್ಲಿಯೇ ಲೇತ್ ಯಂತ್ರ ತಿರುಗುತ್ತಿರುತ್ತದೆ. ಅಂಥದೊಂದು ಕಾರ್ಖಾನೆ ನನ್ನ ಹಳೆಯ ಶಿಷ್ಯನದು. ಒಂದು ಸಂಜೆ ಅವನು ಬಾಡಿದ ಮುಖದಿಂದ ಬಂದು, "ಮೇಷ್ಟ್ರೇ, ಮೂರು ತಿಂಗಳ ದುಡಿಮೆ ಹೋಯಿತು" ಎಂದ. ಅವನ ಹೆಸರಿನಲ್ಲಿ ಯಾರೋ ಅವನ ಗಿರಾಕಿಗೆ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆದಿದ್ದರು. ಗಿರಾಕಿ ಹೊಸ ಖಾತೆಗೆ ಹಣ ಕಟ್ಟಿದ್ದರು. ವಿಳಾಸದಲ್ಲಿದ್ದ ವ್ಯತ್ಯಾಸ ಒಂದೇ ಅಕ್ಷರದ್ದು. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಾಗಿ ಬರೆದರೆ ಎಂ ಎಂದೇ ಕಣ್ಣಿಗೆ ತೋರುತ್ತದೆಯಲ್ಲವೆ? ಮನೆಗೂ ಮೊನೆಗೂ ಇರುವ ಅಂತರವನ್ನು ತರಗತಿಯಲ್ಲಿ ಕಲಿಸುವ ನನಗೆ ಈ ಮಾತು ಚುಚ್ಚಿತು.

ಇದಕ್ಕೆ ಪರಿಹಾರವೇನು? ಮಿಂಚಂಚೆಗೂ ಮುದ್ರೆಯುಂಟು; ಅದೇ ಡಿಜಿಟಲ್ ಸಹಿ. ಇದರಲ್ಲಿ ಜೋಡಿ ಕೀಲಿಕೈಗಳಿರುತ್ತವೆ. ಒಂದು ಗುಟ್ಟಿನದು, ಒಡೆಯನಲ್ಲಿ ಮಾತ್ರ ಇರತಕ್ಕದ್ದು. ಇನ್ನೊಂದು ಬಹಿರಂಗದ್ದು, ಯಾರಿಗಾದರೂ ಕೊಡಬಹುದಾದದ್ದು. ಗುಟ್ಟಿನ ಕೀಲಿಯಿಂದ ಒತ್ತಿದ ಮುದ್ರೆಯನ್ನು ಬಹಿರಂಗ ಕೀಲಿಯಿಂದ ಪರೀಕ್ಷಿಸಬಹುದು. ಒಕ್ಕಣೆಯಲ್ಲಿ ಒಂದು ಸೊನ್ನೆ ಬದಲಾದರೂ ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇಂಥ ಸಹಿಗೆ ಮಾನ್ಯತೆ ಕೊಟ್ಟಿದೆ; ಪರವಾನಗಿ ಪಡೆದ ಸಂಸ್ಥೆಗಳು ಪ್ರಮಾಣಪತ್ರ ಕೊಡುತ್ತವೆ. ಟೆಂಡರು ಹಾಕುವವರು ಇದನ್ನು ಬಲ್ಲರು. ಕೊಳ್ಳುವಾಗ ಅದು ಇ-ಮೇಲಿಗೂ ಸಲ್ಲುವುದೇ ಎಂದು ಕೇಳಿಕೊಳ್ಳಬೇಕು, ಅಷ್ಟೆ.

ಆದರೆ ಮುದ್ರೆಯನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟರೆ ಫಲವಿಲ್ಲ. ಪ್ರತಿ ಕಾಗದಕ್ಕೂ ಒತ್ತಬೇಕು. ಮನುಷ್ಯ ಮರೆಯುತ್ತಾನೆ. ಆದ್ದರಿಂದ ಆಜ್ಞೆಯನ್ನು ಯಂತ್ರದ ಕಡತದಲ್ಲಿಯೇ ಬರೆದಿಡುವುದು ಲೇಸು. ಹಿಂದೆ ಶ್ಯಾನುಭೋಗರು ಕಪ್ಪು ಬಟ್ಟೆಯ ಕಡತದಲ್ಲಿ ಊರಿನ ಲೆಕ್ಕವನ್ನೆಲ್ಲ ಬಳಪದಿಂದ ಬರೆದಿಡುತ್ತಿದ್ದರಷ್ಟೆ. ವಿಂಡೋಸ್ ಯಂತ್ರದಲ್ಲಿರುವ ರಿಜಿಸ್ಟ್ರಿಯೂ ಅಂಥದೇ ಒಂದು ಕಡತ. ಯಾವ ತಂತ್ರಾಂಶ ಹೇಗೆ ನಡೆದುಕೊಳ್ಳಬೇಕೆಂಬುದು ಅಲ್ಲಿ ಶಾಖೆ ಉಪಶಾಖೆಗಳಾಗಿ, ಹೆಸರು ಮತ್ತು ಬೆಲೆಗಳ ರೂಪದಲ್ಲಿ ಬರೆದಿರುತ್ತದೆ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ 'ರೆಜ್‌ಎಡಿಟ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಆ ಕಡತ ತೆರೆಯುತ್ತದೆ.

ಕಂಪ್ಯೂಟರಿನಲ್ಲಿಯೇ ಸ್ಥಾಪಿಸಿಕೊಂಡ ಹಳೆಯ ಮಾದರಿಯ ಔಟ್‌ಲುಕ್ ಉಳ್ಳವರಿಗೆ ಎರಡು ಬರಹಗಳು ಮುಖ್ಯ. ಔಟ್‌ಲುಕ್ ಶಾಖೆಯ ಸೆಕ್ಯುರಿಟಿ ವಿಭಾಗದಲ್ಲಿ 'ಆಲ್ವೇಸ್‌ಸೈನ್' ಎಂಬ ಹೆಸರಿಗೆ 1 ಎಂಬ ಬೆಲೆ ಕೊಟ್ಟರೆ, ಹೊರಡುವ ಕಾಗದಕ್ಕೆಲ್ಲ ಸಹಿ ಬೀಳುತ್ತದೆ. 0 ಎಂದರೆ ಇಲ್ಲ. ಆಪ್ಷನ್ಸ್ ಶಾಖೆಯ ಮೇಲ್ ವಿಭಾಗದಲ್ಲಿ 'ರೀಡ್‌ಆ್ಯಸ್‌ಪ್ಲೇನ್' ಎಂಬುದಕ್ಕೆ 1 ಎಂದು ಬರೆದರೆ, ಬಂದ ಕಾಗದಗಳು ಬಣ್ಣ ಬೆಡಗುಗಳಿಲ್ಲದೆ ಬರಿಯ ಅಕ್ಷರಗಳಾಗಿ ಕಾಣುತ್ತವೆ. ಚಂದದ ಮಾತಿನ ಹಿಂದೆ ಅಡಗಿದ್ದ ಕೊಂಡಿಯ ನಿಜವಾದ ವಿಳಾಸ ಬಯಲಾಗುತ್ತದೆ. ಹತ್ತು ಯಂತ್ರಗಳಿರುವ ಕಚೇರಿಯಲ್ಲಿ ಇದನ್ನೇ 'ಪಾಲಿಸೀಸ್' ಶಾಖೆಯ ಕೆಳಗೆ ಬರೆಯುವುದು ವಾಡಿಕೆ. ಅದನ್ನು ಯಜಮಾನನಲ್ಲದೆ ಸಾಮಾನ್ಯ ಬಳಕೆದಾರರು ತಿದ್ದಲಾರರು.

ಎಚ್ಚರಿಕೆಯ ಮಾತೊಂದು. ಕಡತದಲ್ಲಿ ತಪ್ಪು ಗೆರೆ ಎಳೆದರೆ ಯಂತ್ರವೇ ಮುನಿಯಬಹುದು. ಕೈಯಿಡುವ ಮುನ್ನ ಆ ಶಾಖೆಯನ್ನು 'ಎಕ್ಸ್‌ಪೋರ್ಟ್' ಮಾಡಿ ಪ್ರತಿ ಇಟ್ಟುಕೊಳ್ಳಿ. ಪ್ರಮಾಣಪತ್ರ ಪಡೆಯುವ ಮೊದಲೇ ಸಹಿಯ ಆಜ್ಞೆ ಬರೆದರೆ ಔಟ್‌ಲುಕ್ ತಕರಾರು ಮಾಡುತ್ತದೆ. ತಿಳಿಯದಿದ್ದರೆ ತಿಳಿದವರನ್ನು ಕೂರಿಸಿಕೊಂಡು ಮಾಡಿ, ಅದರಲ್ಲಿ ನಾಚಿಕೆಯಿಲ್ಲ.

ಇನ್ನೂ ಒಂದು ವಿಷಯ. ಸಹಿ ಕಾಗದವನ್ನು ಮರೆಮಾಡುವುದಿಲ್ಲ. ಗುಟ್ಟಾಗಿಡಬೇಕಾದರೆ ಪಡೆಯುವವರ ಬಹಿರಂಗ ಕೀಲಿಯಿಂದ ಗೂಢಲಿಪಿಗೆ ತಿರುಗಿಸಬೇಕು. ಆಗಲೂ ವಿಷಯದ ಸಾಲು ಸಾಮಾನ್ಯವಾಗಿ ಬಯಲಾಗಿಯೇ ಉಳಿಯುತ್ತದೆ. ಮೋಸಗಾರನು ತನ್ನ ಕಾಗದ ಬರೆಯುವುದನ್ನೂ ನಮ್ಮ ಸಹಿ ತಡೆಯಲಾರದು. ಅದರ ಪ್ರಯೋಜನ ಬೇರೆ. "ನಮ್ಮ ಕಾಗದಕ್ಕೆ ಸದಾ ಮುದ್ರೆಯಿರುತ್ತದೆ, ಇಲ್ಲದ್ದನ್ನು ನಂಬಬೇಡಿ" ಎಂದು ಗಿರಾಕಿಗಳಿಗೆ ಮೊದಲೇ ತಿಳಿಸಿದ್ದರೆ, ಮುದ್ರೆಯಿಲ್ಲದ ಕಾಗದ ತಾನಾಗಿಯೇ ಸಂಶಯ ಹುಟ್ಟಿಸುತ್ತದೆ.

ನನ್ನ ಶಿಷ್ಯ ಈಗ ಹಾಗೆಯೇ ಮಾಡಿದ್ದಾನೆ. ಖಾತೆಯ ಬದಲಾವಣೆಯ ಮಾತು ಬಂದರೆ, ಕಾಗದದಲ್ಲಿ ಕೊಟ್ಟ ಸಂಖ್ಯೆಗಲ್ಲ, ಮೊದಲಿನಿಂದ ಬಲ್ಲ ಸಂಖ್ಯೆಗೇ ಫೋನ್ ಮಾಡಿ ಕೇಳಬೇಕೆಂಬ ನಿಯಮವನ್ನೂ ಇಟ್ಟುಕೊಂಡಿದ್ದಾನೆ. ಮೋಸ ಹೋದದ್ದು ತಿಳಿದೊಡನೆ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣ ಕೈದಾಟುತ್ತದೆ. ಅವನ ಆ ಹಣ ಮರಳಲಿಲ್ಲ. ನಿಮ್ಮದು ಹಾಗೆ ಹೋಗದಿರಲೆಂದೇ ಇಷ್ಟು ಬಿನ್ನವಿಸಿದ್ದು.