ಟರ್ಬೊದ ಆಯುಷ್ಯ ಆಯಿಲ್‌ನಲ್ಲಿದೆ

ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಕಸುವು ಉಳಿದಿರುತ್ತದೆ. ಅದನ್ನು ಸೈಲೆನ್ಸರ್ ಮೂಲಕ ಸುಮ್ಮನೆ ಹೊರಗೆ ಬಿಡುವ ಬದಲು ದುಡಿಸಿಕೊಳ್ಳಬಹುದು ಎಂದು ಯೋಚಿಸಿದವರು ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವರು ಪೇಟೆಂಟ್ ಪಡೆದ ತತ್ವವೇ ಇಂದಿನ ಸಣ್ಣ ಕಾರುಗಳ ಬಾನೆಟ್ ಕೆಳಗೂ ಕೆಲಸ ಮಾಡುತ್ತಿದೆ. ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಇದೇ ಟರ್ಬೊ. ಗಾಳಿ ಹೆಚ್ಚಿದರೆ ಸುಡಬಹುದಾದ ಇಂಧನವೂ ಹೆಚ್ಚು, ಪಿಕಪ್ಪೂ ಹೆಚ್ಚು.

ಇಂಜಿನ್ ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗಿದರೆ ಸಣ್ಣ ಟರ್ಬೊದ ಶಾಫ್ಟ್ ಎರಡು ಲಕ್ಷ ಸುತ್ತನ್ನೂ ದಾಟಬಲ್ಲದು. ಸಾಮಾನ್ಯವಾಗಿ ಇದಕ್ಕೆ ಬಾಲ್ ಬೇರಿಂಗಿನ ಆಸರೆ ಇರುವುದಿಲ್ಲ. ಶಾಫ್ಟನ್ನು ಲೋಹಕ್ಕೆ ತಾಗದಂತೆ ತೇಲಿಸಿ ಹಿಡಿಯುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಪೆಟ್ರೋಲ್ ಕಾರಿನಲ್ಲಿ ಪಕ್ಕದಲ್ಲೇ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲ ಹೊಗೆ ಹಾಯುತ್ತಿರುತ್ತದೆ. ಟರ್ಬೊ ಕಾರಿನ ಮಾಲೀಕರು ಮನೆಯಲ್ಲಿ ಕಲಿಯಬೇಕಾದ ಮೊದಲ ಕೆಲಸ ಡಿಪ್‌ಸ್ಟಿಕ್ ನೋಡುವುದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಇರಲಿ ಎಂದು ಹೆಚ್ಚಿಗೆ ಸುರಿಯುವುದೂ ತಪ್ಪು. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವುದು ಬರೀ ತನ್ನ ಭಾರದಿಂದ. ಕೆಳಗೆ ಮಟ್ಟ ಏರಿದ್ದರೆ ಅದಕ್ಕೆ ದಾರಿ ಸಿಗದೆ ಸೀಲ್ ದಾಟಿ ಸೋರುತ್ತದೆ. ಹೊಸ ಡಬ್ಬ ಕೊಳ್ಳುವಾಗ 5ಡಬ್ಲ್ಯು-30 ಎಂಬ ಗ್ರೇಡ್ ಹೊಂದಿದರೆ ಸಾಲದು, ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಗುಣಮಟ್ಟದ ಸಂಕೇತವೂ ಹೊಂದಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ನಿಂತು ನಿಂತು ಓಡುವ ಕಾರಿನ ಮೀಟರ್ ಏರದಿದ್ದರೂ ಇಂಜಿನ್ ದುಡಿದಿರುತ್ತದೆ, ಆಯಿಲ್ ಹಳಸಿರುತ್ತದೆ. ಆದ್ದರಿಂದ ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲೇ ಬದಲಿಸುವುದು ಒಳ್ಳೆಯದು.

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವವರು ಕೊನೆಯ ಒಂದೆರಡು ಕಿಲೋಮೀಟರ್ ಹಗುರವಾಗಿ ಓಡಿಸಲಿ. ಕೆಂಡವಾಗಿರುವ ಟರ್ಬೊಗೆ ಆಯಿಲ್ ಹರಿವು ತಟ್ಟನೆ ನಿಂತರೆ, ಒಳಗುಳಿದ ಆಯಿಲ್ ಕರಕಲಾಗಿ ನಾಳಕ್ಕೆ ಅಂಟುತ್ತದೆ. ಈಗಿನ ಹಲವು ಟರ್ಬೊಗಳಿಗೆ ಕೂಲಂಟಿನ ತಂಪೂ ಇದೆ, ಆದರೂ ಈ ಅಭ್ಯಾಸ ಬಿಡಬಾರದು. ಊರೊಳಗಿನ ನಿಧಾನ ಓಡಾಟಕ್ಕೆ ಇದರ ಅಗತ್ಯವಿಲ್ಲ.

ಆಯಿಲ್ ಬಳಿಕ ಗಾಳಿ. ಏರ್ ಫಿಲ್ಟರ್ ಬದಲಿಸುವುದು ಸುಲಭ. ಆದರೆ ತೆರೆದ ಪೈಪಿನೊಳಗೆ ಬಿದ್ದ ಒಂದು ಚಿಕ್ಕ ಸ್ಕ್ರೂ ಸಾಕು, ಚಕ್ರದ ರೆಕ್ಕೆಗಳು ಪುಡಿಯಾಗುತ್ತವೆ. ಪಿಕಪ್ ತಗ್ಗಿ, ಆಕ್ಸಿಲರೇಟರ್ ಒತ್ತಿದಾಗ ಸುಯ್ ಎಂಬ ಸದ್ದು ಬಂದರೆ ಮೊದಲು ರಬ್ಬರ್ ಹೋಸ್, ಕ್ಲ್ಯಾಂಪುಗಳನ್ನು ನೋಡಿ. ಬಿರುಕಿನಿಂದ ಗಾಳಿ ಸೋರಿದರೆ ಡೀಸೆಲ್ ಕಾರು ಕಪ್ಪು ಹೊಗೆ ಉಗುಳುವುದೂ ಉಂಟು. ಹೋಸ್ ಒಳಗಿನ ತೆಳು ಆಯಿಲ್ ಪಸೆ ಮಾತ್ರ ಗಾಬರಿಯ ವಿಷಯವಲ್ಲ. ಅದು ಇಂಜಿನ್ ಒಳಗಿನ ಆವಿಯಿಂದ ಬರುವಂಥದ್ದು. ಅಷ್ಟನ್ನೇ ಕಂಡು ಟರ್ಬೊ ಬದಲಿಸಲು ಒಪ್ಪಬೇಡಿ.

ಇನ್ನು ಮಾರ್ಪಾಡು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 25 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಬಿಸಿ 100 ಡಿಗ್ರಿ ದಾಟುತ್ತದೆ. ಕಾದ ಗಾಳಿಯ ಸಾಂದ್ರತೆ ಕಡಿಮೆ. ಪೆಟ್ರೋಲ್ ಕಾರಿನಲ್ಲಿ ಅದು ಹೊತ್ತಲ್ಲದ ಹೊತ್ತಲ್ಲಿ ಇಂಧನ ಹೊತ್ತಿಸಿ ಪಿಸ್ಟನ್ನಿಗೆ ಏಟು ಕೊಡುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಇಂಟರ್‌ಕೂಲರ್ ಇರುವುದು ಆ ಬಿಸಿ ಇಳಿಸಲಿಕ್ಕೆ. ಅದರ ರೆಕ್ಕೆಗಳಿಗೆ ಮೆತ್ತಿದ ಕೆಸರನ್ನು ನೀರಿನ ಮೆಲು ಧಾರೆಯಲ್ಲಿ ತೊಳೆದರೆ ಕಾಸಿಲ್ಲದ ಲಾಭ. ತೆರೆದ ಬಾಯಿಯ ಶೋಕಿ ಫಿಲ್ಟರ್ ಬಾನೆಟ್ಟಿನ ಬಿಸಿಗಾಳಿಯನ್ನೇ ಎಳೆದುಕೊಂಡು ಆ ಲಾಭವನ್ನು ಕಳೆಯಬಹುದು.

1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮೊದಲ ಟರ್ಬೊ ಕಾರುಗಳಲ್ಲೊಂದು. ನಾಕಿಂಗ್ ತಡೆಯಲು ಅದರಲ್ಲಿ ನೀರು ಮತ್ತು ಮೆಥನಾಲ್ ಮಿಶ್ರಣ ಸಿಂಪಡಿಸುವ ವ್ಯವಸ್ಥೆ ಇತ್ತು. ಅನೇಕ ಮಾಲೀಕರು ಆ ಟ್ಯಾಂಕ್ ತುಂಬಿಸಲೇ ಇಲ್ಲ. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಲಾಯಿತು. ಇಂದು ಸಾಫ್ಟ್‌ವೇರ್ ಬದಲಿಸಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸುವ ರಿಮ್ಯಾಪ್, ಕಂಪನಿ ಸುರಕ್ಷತೆಗೆಂದು ಇಟ್ಟ ಅಂತರವನ್ನು ತಿನ್ನುತ್ತದೆ. ಕ್ಲಚ್, ಗೇರ್‌ಬಾಕ್ಸುಗಳ ಮೇಲೂ ಭಾರ ಹೇರುತ್ತದೆ. ವಾರಂಟಿ ಕೈತಪ್ಪಬಹುದು. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ, ವಿಮೆಯವರಿಗೂ ತಿಳಿಸಬೇಕಾಗುತ್ತದೆ.

ನಾನು ಮನಸಾರೆ ಹೇಳುವ ಸೇರ್ಪಡೆ ಒಂದೇ: ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಅಗ್ಗದ ರೀಡರ್. ಬೂಸ್ಟ್ ಒತ್ತಡ, ಒಳಬರುವ ಗಾಳಿಯ ಬಿಸಿ, ಕೂಲಂಟಿನ ಉಷ್ಣತೆ ಹಲವು ಕಾರುಗಳಲ್ಲಿ ಫೋನಿನಲ್ಲೇ ಕಾಣುತ್ತವೆ. ಕಾರು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂತವರಿಂದ ಪರಿಚಿತ ಏರುದಾರಿಯೊಂದರ ಅಂಕಿಗಳನ್ನು ಬರೆಸಿಡಿ. ಮುಂದೆ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಬೂಸ್ಟ್ ಕಡಿಮೆ ಕಂಡರೆ ಮೆಕ್ಯಾನಿಕ್ ಮುಂದೆ ಆ ಚೀಟಿಯನ್ನೇ ಇಡಬಹುದು.